ಡಾರ್ವಿನ್‌ನ ಮೇಜಿನ ಮೇಲೆ ಹೆಬೆರ್‌ನ ವಾಚು

ನೀಬಿಯಾ ಒಲಿವೇರಾಗೆ ವಾಚು ಕಂಡರೆ ಆಗುತ್ತಿರಲಿಲ್ಲ. ಹಳೆ ವಾಚಂತೂ ಕೇಳುವುದೇ ಬೇಡ. ಆದರೂ ಮೊಂಟೆವಿಡಿಯೊದ ಲಾ ತೇಹಾ ಬಡಾವಣೆಯಲ್ಲಿ ಯಾರಿಗಾದರೂ ಹಳೆ ವಾಚು ಕೊಳ್ಳುವ ಹುಚ್ಚು ಹಿಡಿದರೆ ಮೊದಲು ಬಂದು ತಟ್ಟುತ್ತಿದ್ದದ್ದು ಅವಳ ಬಾಗಿಲು. ಹೊಲಿಗೆ ಮಿಷನ್ನಿನ ಮುಂದೆ ಕೂತವಳು ದಾರ ಕಚ್ಚಿ ತುಂಡು ಮಾಡಿ, ‘ಏನು ಈಗ?’ ಎಂದು ಕೇಳುತ್ತಿದ್ದಳು. ಬಂದವರು ಕೈ ಚಾಚುತ್ತಿದ್ದರು. ಹೆಚ್ಚಿನ ಸಲ ಅವರು ಕೊಂಡಾದ ಮೇಲೆ ಬಂದಿರುತ್ತಿದ್ದರು. ಅದೇ ಅವಳಿಗೆ ಮೈ ಉರಿಯುವ ಸಂಗತಿ.

‘ಕೊಳ್ಳೋಕ್ ಮುಂಚೆ ತೋರಿಸ್ಬೇಕು. ಈಗ ತೋರಿಸಿ ಏನ್ ಮಾಡ್ತೀಯ? ಅಳ್ತೀಯ?’

ಈ ವಿದ್ಯೆ ಅವಳು ಎಲ್ಲಿಯೂ ಹೋಗಿ ಕಲಿತದ್ದಲ್ಲ. ಗಂಡ ಹೆಬೆರ್ ಮೋಸ ಹೋಗಿ ಹೋಗಿ ಅವಳಿಗೆ ಬಂದದ್ದು. ಹೆಬೆರ್ ಬಸ್ಸಿನ ಕಂಡಕ್ಟರ್. ಟಿಕೆಟ್ ಇಲ್ಲದೆ ಹತ್ತಿದವನನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದ. ಅಂಥವನು ಭಾನುವಾರ ತ್ರಿಸ್ತಾನ್ ನಾರ್ವಾಹಾ ಬೀದಿಯ ಸಂತೆಗೆ ಕಾಲಿಟ್ಟರೆ ಎಳೆಮಗು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಂಬ ಕಹಿ ಎಲೆಯ ಚಹಾ ಹೀರುವ ಸೋರೆಬುರುಡೆ ಹಿಡಿದು ಬೆಳಗ್ಗೆ ಹೋದವನು ಮಧ್ಯಾಹ್ನ ಜೇಬಿನಲ್ಲಿ ಒಂದು ವಾಚು ಇಟ್ಟುಕೊಂಡು ಬರುತ್ತಿದ್ದ. ಮುಖ ನೋಡಿದರೆ ಕೆರೆಯಲ್ಲಿ ಬಿದ್ದ ಚಂದ್ರ ಸಿಕ್ಕಿದ ಹಾಗೆ.

‘ನೋಡೇ ನೀಬಿಯಾ. ಚಿನ್ನ ಇದ್ದ ಹಾಗಿದೆ.’

‘ಇದ್ದ ಹಾಗಿದೆ, ಚಿನ್ನ ಅಲ್ಲ. ಮೂಲೇಲಿ ಹಿತ್ತಾಳೆ ಹಲ್ಲು ಕಿರೀತಿದೆ.’

‘ನಿಂಗೆ ಯಾವತ್ತಾದ್ರೂ ಖುಷಿ ಆಗತ್ತಾ?’

‘ಆಗತ್ತೆ. ನೀನು ಬರಿಗೈಲಿ ಬಂದ ದಿನ.’

ಹೀಗೆ ಒಂದೊಂದು ಮೋಸ ಒಂದೊಂದು ಪಾಠವಾಯಿತು. ಒಂದು ಸಲ ಬೆಳ್ಳಗೆ ಹೊಳೆಯುವ ಮುಖದ ವಾಚು ತಂದ. ಅವಳು ಬಟ್ಟೆಯ ಹೊಲಿಗೆ ನೋಡುವ ಹಾಗೆ ನೋಡಿದಳು. ನಿಮಿಷದ ಗೆರೆಗಳಲ್ಲಿ ಒಂದು ದಪ್ಪ, ಒಂದು ಸಣ್ಣ. ಬುಡದಲ್ಲಿ ಇರಬೇಕಾದ ಸಣ್ಣ ಅಕ್ಷರವೇ ಇಲ್ಲ. ಯಾರೋ ಹಳೆ ಬಣ್ಣ ಕೆರೆದು ಹೊಸದು ಬಳಿದಿದ್ದರು. ಇನ್ನೊಂದು ಸಲ ತಂದದ್ದರ ಮುಳ್ಳುಗಳು ಗಿಡ್ಡ, ಗೆರೆಯ ತನಕ ಮುಟ್ಟುತ್ತಲೇ ಇರಲಿಲ್ಲ. ಬೇರೆ ಯಾವುದೋ ವಾಚಿನ ಮುಳ್ಳು. ಮತ್ತೊಂದನ್ನು ಪಾಲಿಶ್ ಮಾಡಿ ಮಾಡಿ ಅಂಚೇ ಇಲ್ಲದಂತೆ ಮಾಡಿದ್ದರು, ಚೀಪಿ ಉಗುಳಿದ ಮಿಠಾಯಿಯಂತೆ ಇತ್ತು. ಒಂದರಲ್ಲಂತೂ ಅಜ್ಜನ ಕಾಲದ ಮೈಯೊಳಗೆ ಬ್ಯಾಟರಿ ಕೂತಿತ್ತು. ಸೆಕೆಂಡಿನ ಮುಳ್ಳು ಕಪ್ಪೆ ಕುಪ್ಪಳಿಸಿದ ಹಾಗೆ ಹಾರುತ್ತಿತ್ತು. ಅದನ್ನು ಹೆಬೆರ್ ಮೂರು ದಿನ ಕಟ್ಟಿಕೊಂಡು ಓಡಾಡಿದ್ದ. ಕೀ ಕೊಡುವುದೇ ಬೇಡ, ಎಂಥ ಒಳ್ಳೆ ವಾಚು ಎಂದು ಹೊಗಳಿದ್ದ.

ಕೊನೆಗೆ ತಡೆಯಲಾರದೆ ಅವಳೇ ಜೊತೆಗೆ ಹೊರಟಳು. ಕೀ ಕೊಡುವ ಗುಂಡಿಯನ್ನು ತಾನೇ ತಿರುಗಿಸಿ ನೋಡುತ್ತಿದ್ದಳು. ಬೆರಳಿಗೆ ಹಲ್ಲು ಹಲ್ಲಾಗಿ ಸಿಗಬೇಕು, ಮರಳು ಅರೆದ ಹಾಗಾದರೆ ಬೇಡ. ಕಿವಿಗೆ ಹಿಡಿದು ಮೇಲೆ ಕೆಳಗೆ ಮಗುಚಿ ಕೇಳುತ್ತಿದ್ದಳು. ಅಂಗಾತ ಇದ್ದಾಗ ಒಂದು ಸದ್ದು, ಬೋರಲಾದಾಗ ಇನ್ನೊಂದು ಸದ್ದು ಬಂದರೂ ಬೇಡ. ಆಮೇಲೆ ಹಿಂದಿನ ಮುಚ್ಚಳ ತೆಗೆಯಲು ಹೇಳುತ್ತಿದ್ದಳು. ತೆಗೆಯುವುದಿಲ್ಲ ಎಂದವನ ಮೇಜಿನಿಂದ ಹೆಬೆರ್‌ನ ತೋಳು ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಅವನು ಹಿಂದೆ ತಿರುಗಿ ತಿರುಗಿ ನೋಡುತ್ತಾ ಬರುತ್ತಿದ್ದ.

ಕೊಂಡ ಕಸವನ್ನೆಲ್ಲ ಹೆಬೆರ್ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿದ್ದ. ‘ಈ ಡಬ್ಬೀನ ಮನೆಯಿಂದ ಆಚೆ ಹಾಕು’ ಎಂದು ನೀಬಿಯಾ ಹೇಳದ ವಾರವಿರಲಿಲ್ಲ. ಮನೆಗೆ ಬಂದವರೆಲ್ಲ ಈ ಮಾತು ಕೇಳಿದ್ದರು. ಮೈದುನ ಎದಿಸನ್ ಎಲ್ಲರಿಗಿಂತ ಹೆಚ್ಚು ಕೇಳಿದ್ದ.

ಡಬ್ಬಿಗೆ ಸೇರದ ವಾಚು ಒಂದೇ. ಹೆಬೆರ್ ಕೈಯಲ್ಲಿದ್ದದ್ದು. ಅದು ಸಂತೆಯದಲ್ಲ. ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ಒಬ್ಬ ಅಂಗಡಿಯವನು ಬಸ್ಸಿನವರಿಗೆಲ್ಲ ಕಂತಿನ ಮೇಲೆ ಒಂದೇ ಬಗೆಯ ಸ್ವಿಸ್ ವಾಚು ಕೊಟ್ಟಿದ್ದ. ಡ್ರೈವರು, ಕಂಡಕ್ಟರು, ಡಿಪೋದಲ್ಲಿ ಬಸ್ಸು ತೊಳೆಯುವವನು, ಎಲ್ಲರ ಕೈಯಲ್ಲೂ ಅದೇ. ದುಬಾರಿಯದಲ್ಲ, ಗಟ್ಟಿ. ಈಗ ಆ ಬಸ್ಸಿನವರು ಒಬ್ಬೊಬ್ಬರೇ ಹೋಗುತ್ತಿದ್ದರು. ವಾಚುಗಳು ಸಂತೆಗೆ ಬರುತ್ತಿದ್ದವು.

ಹೆಬೆರ್ ಕೂಡ ಹೋದ. ಮೇ ತಿಂಗಳು, ಆ ದೇಶದಲ್ಲಿ ಚಳಿ ಆಗತಾನೇ ಶುರುವಾಗಿತ್ತು. ಎದೆನೋವು ಎಂದ, ಆಸ್ಪತ್ರೆಗೆ ಹೋದ, ವಾಪಸ್ ಬರಲಿಲ್ಲ. ಅವನ ಬಟ್ಟೆ, ಕನ್ನಡಕ, ವಾಚು ಎಲ್ಲವನ್ನೂ ಆಸ್ಪತ್ರೆಯವರು ಒಂದು ಚೀಲದಲ್ಲಿ ಹಾಕಿ ಎದಿಸನ್ ಕೈಗೆ ಕೊಟ್ಟರು. ಬಟ್ಟೆ ಬಟ್ಟೆಯ ಕಡೆ ಹೋಯಿತು. ವಾಚು ವಾಚಿನ ಕಡೆ ಹೋಗಬೇಕಲ್ಲ? ಎದಿಸನ್ ಅದನ್ನು ಡಬ್ಬಿಗೆ ಹಾಕಿದ.

ನೀಬಿಯಾ ಆ ದಿನಗಳಲ್ಲಿ ಏನನ್ನೂ ನೋಡಲಿಲ್ಲ. ಎದ್ದಳು, ಕೂತಳು, ಮಲಗಿದಳು. ಜುಲೈನಲ್ಲಿ ಒಂದು ಸಂಜೆ ಕಪಾಟಿನ ಮೇಲೆ ಕೈಯಾಡಿಸಿದರೆ ಡಬ್ಬಿ ಇಲ್ಲ. ಚೀಲ ಬಿಚ್ಚಿದರೆ ಕನ್ನಡಕ ಮಾತ್ರ ಇದೆ.

‘ಎದಿಸನ್, ಡಬ್ಬಿ ಎಲ್ಲಿ?’

ಎದಿಸನ್ ಹಿಗ್ಗಿ ಹೇಳಿದ: ‘ಕೊಟ್ಟುಬಿಟ್ಟೆ ಅತ್ತಿಗೆ. ಸಂತೆಯ ಡಾರ್ವಿನ್‌ಗೆ. ಡಬ್ಬಿ ಸಮೇತ ದುಡ್ಡು ಕೊಟ್ಟು ತಗೊಂಡ. ಅದು ಕಣ್ಣಿಗೆ ಬಿದ್ರೆ ನಿಮ್ಗೆ ಸಂಕಟ ಆಗತ್ತೆ ಅಂತ.’

‘ಅವನ ಕೈಲಿದ್ದ ವಾಚು?’

‘ಅದೂ ಡಬ್ಬೀಲೇ ಇತ್ತಲ್ಲ.’

ನೀಬಿಯಾ ಚೀಲವನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ಕೊಡವಿದಳು.

‘ಆಚೆ ಹಾಕು ಅಂತ ನೀವೇ ಹೇಳ್ತಿದ್ರಿ’ ಎಂದ ಎದಿಸನ್. ದನಿ ಸಣ್ಣಗಾಗಿತ್ತು.

‘ಅವನಿಗೆ ಹೇಳ್ತಿದ್ದೆ! ಅವನು ಕೇಳಲ್ಲ ಅಂತ ಗೊತ್ತಿದ್ದೇ ಹೇಳ್ತಿದ್ದೆ! ನಿನ್ಗೆ ಯಾರೋ ಕೇಳು ಅಂದಿದ್ದು?’

ಭಾನುವಾರ ಮಳೆ. ಸಂತೆಯ ತುಂಬ ಕರಿದ ಹಿಟ್ಟಿನ ವಾಸನೆ. ಮಳೆ ಬಂದರೆ ಈ ಊರಿನಲ್ಲಿ ತೊರ್ತಾ ಫ್ರೀತಾ ಕರಿಯದ ಒಲೆ ಇಲ್ಲ. ಎದಿಸನ್ ಒಂದು ಕೊಂಡು ಕಾಗದದಲ್ಲಿ ಹಿಡಿದು ತಂದ. ನೀಬಿಯಾ ಬೇಡ ಎಂದಳು. ಅವನು ತಾನೂ ತಿನ್ನದೆ ಅದನ್ನು ತಣ್ಣಗಾಗಲು ಬಿಟ್ಟು ಹಿಂದೆ ಬಂದ.

ಡಾರ್ವಿನ್ ಬೆರ್ರುತ್ತಿ ತಾಡಪಾಲಿನ ಕೆಳಗೆ ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಕೂತಿದ್ದ. ಅವನ ಕಸುಬು ಸಂತೆಗೆಲ್ಲ ಗೊತ್ತು. ಸತ್ತವರ ಮನೆಯಿಂದ ಡಬ್ಬಿಗಟ್ಟಲೆ ತರುತ್ತಾನೆ. ಎಲ್ಲ ಬಿಚ್ಚಿ ರಾಶಿ ಹಾಕುತ್ತಾನೆ. ಐದು ಕೆಟ್ಟದ್ದರಿಂದ ಮೂರು ಒಳ್ಳೆಯದು ಮಾಡುತ್ತಾನೆ. ಅದು ಮೋಸವೆಂದು ಅವನಿಗೆ ಅನಿಸಿಲ್ಲ. ಓಡುತ್ತದಲ್ಲ, ಇನ್ನೇನು ಬೇಕು?

‘ದೊನ್ಯಾ ನೀಬಿಯಾ! ಬನ್ನಿ, ಮಾಟೆ ಕುಡೀರಿ. ಹೆಬೆರ್ ವಿಷ್ಯ ಕೇಳಿ ಬಹಳ ಬೇಜಾರಾಯ್ತು. ಅಂಥ ಗಿರಾಕಿ ಇನ್ನು ಸಿಗಲ್ಲ.’

‘ಸಿಗಲ್ಲ. ನೀನು ಕೊಟ್ಟಿದ್ನೆಲ್ಲ ಕೊಳ್ಳೋನು ಇನ್ನೆಲ್ಲಿ ಸಿಗ್ತಾನೆ? ಬಸ್ಸಿನವರ ವಾಚು ತೆಗಿ.’

ಮೂರು ಇದ್ದವು. ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ. ಪಾಲಿಶ್ ಹೊಡೆದು ಹೊಸ ಗಾಜು ಕೂರಿಸಿದ್ದ. ಎದಿಸನ್ ಬಗ್ಗಿ ನೋಡಿ, ‘ಯಾವ್ದಾದ್ರೂ ಒಂದು ತಗೊಳ್ಳಿ ಅತ್ತಿಗೆ, ಎಲ್ಲ ಒಂದೇ ಥರ ಇದೆ’ ಎಂದ.

‘ನೀನು ಬಾಯಿಗೆ ಅದನ್ನ ತುರುಕ್ಕೊಂಡು ಸುಮ್ನಿರು.’

ಅವಳು ಮೊದಲು ಪಟ್ಟಿ ಸಿಕ್ಕಿಸುವ ಕಾಲುಗಳನ್ನು ಬೆರಳಿನಿಂದ ಮುಟ್ಟಿದಳು. ಹೆಬೆರ್ ಓಡುವ ಬಸ್ಸಿನಲ್ಲಿ ಎಡಗೈಯಿಂದ ಕಬ್ಬಿಣದ ಕಂಬ ತಬ್ಬಿ ನಿಂತು ಬಲಗೈಯಿಂದ ಟಿಕೆಟ್ ಹರಿಯುತ್ತಿದ್ದ. ಕಂಬಕ್ಕೆ ಉಜ್ಜಿ ಉಜ್ಜಿ ನಾಲ್ಕು ಕಾಲಿನಲ್ಲಿ ಒಂದು ಚಪ್ಪಟೆಯಾಗಿತ್ತು. ಪಾಲಿಶ್ ಮಾಡಿದರೆ ಲೋಹ ಇನ್ನೂ ಹೋಗುತ್ತದೆಯೇ ಹೊರತು ಹೋದದ್ದು ಬರುವುದಿಲ್ಲ. ಎರಡನೆಯ ವಾಚಿನಲ್ಲಿ ಬೆರಳು ನಿಂತಿತು.

‘ಇದೇ. ಮುಚ್ಚಳ ತೆಗಿ.’

ಡಾರ್ವಿನ್ ತೆಗೆದ. ಒಳಗಿನ ತಿರುಪುಗಳೆಲ್ಲ ಬೆಳ್ಳಗಿದ್ದವು.

ಹೆಬೆರ್‌ನದರಲ್ಲಿ ಹಾಗಿರಲಿಲ್ಲ. ಹೆಬೆರ್ ಒಂದು ಸಲ ತಾನೇ ರಿಪೇರಿ ಮಾಡುತ್ತೇನೆಂದು ಅಡುಗೆಮನೆಯ ಚಾಕುವಿನಿಂದ ವಾಚು ಬಿಚ್ಚಿದ್ದ. ಒಂದು ತಿರುಪು ಒಲೆಯ ಅಡಿಗೆ ಉರುಳಿತು. ರಿಪೇರಿಯ ದೊನ್ ಸೌಲ್ ಬೈದು, ಬೇರೆ ವಾಚಿನ ನೀಲಿ ತಿರುಪು ಹಾಕಿ ಕೊಟ್ಟಿದ್ದ. ಬೆಳ್ಳನೆಯ ತಿರುಪುಗಳ ನಡುವೆ ಒಂದೇ ನೀಲಿ. ಮುಚ್ಚಳದ ಅಂಚಿಗೂ ಆ ದಿನ ಚಾಕು ಜಾರಿ ಆಳವಾದ ಗೀರು ಬಿದ್ದಿತ್ತು. ಈ ಮುಚ್ಚಳದ ಅಂಚು ಸರಿಯಾಗಿತ್ತು.

‘ಇನ್ನೆರಡನ್ನೂ ತೆಗಿ.’

‘ಅಯ್ಯೋ ದೊನ್ಯಾ, ಮಳೇಲಿ ಒಳಗೆ ತೇವ ಹೋಗತ್ತೆ.’

‘ತೆಗಿ ಅಂದೆ.’

ಒಂದನೆಯದರ ಹೊಟ್ಟೆಯಲ್ಲಿ ನೀಲಿ ತಿರುಪು ಇತ್ತು. ಮೂರನೆಯದರ ಮುಚ್ಚಳದ ಅಂಚಿನಲ್ಲಿ ಚಾಕುವಿನ ಗೀರು. ಮಗುಚಿದರೆ ಒಳಗಡೆ ದೊನ್ ಸೌಲ್ ಪ್ರತಿ ಸಲ ರಿಪೇರಿ ಮಾಡಿದಾಗ ಸೂಜಿಯಿಂದ ಗೀಚಿದ ಗುರುತು, ಒಂದರ ಕೆಳಗೆ ಒಂದು.

ಮೈ ಒಂದರಲ್ಲಿ. ಮಷೀನು ಒಂದರಲ್ಲಿ. ಮುಚ್ಚಳ ಒಂದರಲ್ಲಿ. ಹೆಬೆರ್‌ನ ವಾಚು ಮೂರೂ ಹೌದು, ಮೂರೂ ಅಲ್ಲ. ಉಳಿದ ಭಾಗಗಳು ಯಾರೋ ಬೇರೆ ಬಸ್ಸಿನವರದು.

ನೀಬಿಯಾ ಅಳಲಿಲ್ಲ. ಸಿಟ್ಟು ಬಂತು. ಡಾರ್ವಿನ್ ಮೇಲೆ ಬಂತು, ತಣ್ಣಗಾದ ತಿಂಡಿ ಹಿಡಿದು ನಿಂತ ಎದಿಸನ್ ಮೇಲೆ ಬಂತು. ಹೆಬೆರ್ ಮೇಲೆ ಎಲ್ಲರಿಗಿಂತ ಹೆಚ್ಚು ಬಂತು. ಬದುಕಿದ್ದಾಗ ಈ ಡಾರ್ವಿನ್‌ನ ಮೇಜಿಗೆ ದುಡ್ಡು ಸುರಿದದ್ದು ಸಾಲದೆ ಸತ್ತ ಮೇಲೆ ತಾನೂ ಬಂದು ಬಿದ್ದಿದ್ದಾನೆ.

‘ಈ ಮೂರನ್ನ ಬಿಚ್ಚಿ ನಂದನ್ನ ಒಂದು ಮಾಡ್ಕೊಡು’ ಎಂದಳು.

ಡಾರ್ವಿನ್ ನಕ್ಕ. ‘ಆಗ ಉಳಿದಿದ್ದಕ್ಕೆ ಮತ್ತೆ ಕೆಲ್ಸ ಮಾಡ್ಬೇಕು ದೊನ್ಯಾ. ಮೂರೂ ಓಡ್ತಿದೆ. ಈ ಮೊದಲನೇದು ತಗೊಳ್ಳಿ, ಮಷೀನು ನಿಮ್ಮ ಯಜಮಾನರದೇ. ವಾಚು ಅಂದ್ರೆ ಮಷೀನೇ ತಾನೇ?’

‘ಅವನ ಮೈಗೆ ತಾಗಿದ್ದು ಮಷೀನಾ?’

‘ಹಾಗಾದ್ರೆ ಎರಡನೇದು ತಗೊಳ್ಳಿ.’

‘ಮೊಣಕೈ ನನ್ ಗಂಡಂದು, ಹೊಟ್ಟೆ ಪಕ್ಕದ್ಮನೆಯವನದು, ಅಂಥವನ್ನ ಮನೆಗೆ ಕರ್ಕೊಂಡು ಹೋಗ್ಲಾ?’

‘ಒಬ್ಬ ಗಿರಾಕಿಗೆ ಅಂತ ನಾನು ಬಿಚ್ಚೋದಿಲ್ಲ. ನಿಮ್ಮ ಮೈದುನಾನೇ ತಂದು ಮಾರಿದ್ದು. ನಾನು ಕದ್ದಿಲ್ಲ.’

ಅದು ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು. ಮೇಜಿನ ಪಕ್ಕದಲ್ಲಿ ಗಿರಾಕಿಗಳಿಗೆಂದು ಒಂದು ಸ್ಟೂಲು ಇತ್ತು. ನೀಬಿಯಾ ಛತ್ರಿ ಮಡಚಿ ಅದರ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಒಬ್ಬ ಯುವಕ, ಅವನ ಹುಡುಗಿ ಬಂದರು. ಹುಡುಗಿ ಕಪ್ಪು ಮುಖದ ಒಂದು ವಾಚು ಎತ್ತಿದಳು. ‘ಎಷ್ಟು ಚೆನ್ನಾಗಿದೆ ಅಲ್ವಾ?’

‘ಅಕ್ಷರ ನೋಡಮ್ಮ’ ಎಂದಳು ನೀಬಿಯಾ. ‘ಕೈ ನಡುಗೋನು ಬರ್ದಿದಾನೆ. ಹೋದ ತಿಂಗಳು ಬಳಿದಿದ್ದು.’

ಹುಡುಗಿ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕೆಳಗಿಟ್ಟಳು.

‘ಹಾಗಾದ್ರೆ ಇದು?’ ಯುವಕ ಇನ್ನೊಂದು ಎತ್ತಿದ.

‘ಮುಳ್ಳು ನೋಡು. ಅಣ್ಣನ ಪ್ಯಾಂಟು ತಮ್ಮ ಹಾಕ್ಕೊಂಡ ಹಾಗಿಲ್ವಾ? ಗೆರೆ ದಾಟಿ ಹೋಗಿದೆ.’

‘ದೊನ್ಯಾ!’ ಎಂದ ಡಾರ್ವಿನ್.

‘ಏನು? ಸುಳ್ಳು ಹೇಳಿದ್ನಾ?’

ಚಪ್ಪಟೆ ಉಣ್ಣೆ ಟೋಪಿಯ ದಪ್ಪ ಮನುಷ್ಯನೊಬ್ಬ ಅಷ್ಟರಲ್ಲಿ ಚಿನ್ನದ ನೀರು ಹಾಕಿದ ಒಂದನ್ನು ಕಿವಿಗೆ ಹಿಡಿದಿದ್ದ. ‘ಒಳ್ಳೆ ಸದ್ದು ಬರ್ತಿದೆ’ ಎಂದ.

‘ಮಗುಚಿ ಹಿಡೀರಿ ಸ್ವಾಮಿ.’

ಮಗುಚಿದ. ಅವನ ಹುಬ್ಬು ಮೇಲೇರಿತು. ‘ಕುಂಟ್ತಾ ಇದೆಯಲ್ಲ?’

‘ಕುಂಟತ್ತೆ. ಅಂಗಾತ ಮಲಗಿದ್ರೆ ಮಾತ್ರ ಕೆಲ್ಸ ಮಾಡತ್ತೆ. ನಮ್ಮ ಮೈದುನನ ಹಾಗೆ.’

ದಪ್ಪ ಮನುಷ್ಯ ಗಹಗಹಿಸಿ ನಕ್ಕ. ನಗು ಕೇಳಿ ಪಕ್ಕದ ಪುಸ್ತಕದ ಮೇಜಿನಿಂದ ಇನ್ನಿಬ್ಬರು ಬಂದರು. ಅವರಲ್ಲೊಬ್ಬ ತನ್ನ ಕೈಯ ವಾಚನ್ನೇ ಬಿಚ್ಚಿ ನೀಬಿಯಾಗೆ ಕೊಟ್ಟ. ಅವಳು ಗುಂಡಿ ತಿರುಗಿಸಿದಳು. ‘ಇದು ಒಳ್ಳೇದು. ಇವನ ಹತ್ರ ಕೊಂಡಿದ್ದಲ್ಲ ತಾನೇ?’ ಅಲ್ಲ ಎಂದ. ‘ಅದೇ’ ಎಂದು ವಾಪಸ್ ಕೊಟ್ಟಳು. ಮಳೆಗೆ ತಾಡಪಾಲಿನ ಕೆಳಗೆ ಜನ ಒತ್ತಿ ನಿಂತರು. ಒಬ್ಬರೂ ಕೊಳ್ಳಲಿಲ್ಲ.

‘ನಿಮ್ಗೆ ನಾಚಿಕೆ ಆಗಲ್ವಾ?’ ಡಾರ್ವಿನ್ ಹಲ್ಲು ಕಚ್ಚಿ ಕೇಳಿದ. ‘ನಾಲ್ಕು ಜನದ ಮುಂದೆ ನನ್ನ ಅನ್ನಕ್ಕೆ ಕಲ್ಲು ಹಾಕ್ತಿದೀರ.’

‘ಆಗತ್ತೆ. ನಾನು ಸಂಜೆ ತನಕ ಇಲ್ಲೇ ಇರ್ತೀನಿ. ಮುಂದಿನ ವಾರಾನೂ ಬರ್ತೀನಿ. ಮನೇಲಿ ನನ್ಗೆ ಕಾಯೋರು ಯಾರೂ ಇಲ್ಲ.’

ಕೊನೆಯ ಮಾತು ಅವಳು ಜಗಳಕ್ಕೆಂದು ಆಡಿದ್ದು. ಆಡಿದ ಮೇಲೆ ಅವಳಿಗೇ ಕೇಳಿಸಿತು. ದಪ್ಪ ಮನುಷ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಡಾರ್ವಿನ್ ಮೂರೂ ವಾಚುಗಳನ್ನು ತನ್ನ ಮುಂದಕ್ಕೆ ಎಳೆದುಕೊಂಡ. ಆಮೇಲೆ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಇಕ್ಕುಳ ತೆಗೆದ.

‘ಬೆಳಕಿಗೆ ಅಡ್ಡ ನಿಲ್ಬೇಡಿ’ ಎಂದು ಜನರನ್ನು ಗದರಿದ.

ಕೈ ಒಳ್ಳೆಯ ಕೈ. ನೀಬಿಯಾ ಅದನ್ನು ಒಪ್ಪಲೇಬೇಕಾಯಿತು. ಎರಡನೆಯದರ ಮಷೀನು ಎತ್ತಿ ಬದಿಗಿಟ್ಟ. ಒಂದನೆಯದರಿಂದ ನೀಲಿ ತಿರುಪಿನ ಮಷೀನು ತೆಗೆದು, ಉಸಿರು ಬಿಗಿಹಿಡಿದು ಕಾಲು ಸವೆದ ಮೈಯೊಳಗೆ ಇಳಿಸಿದ. ಮೂರನೆಯದರ ಮುಚ್ಚಳವನ್ನು ಅಂಗಿಗೆ ಒರೆಸಿ ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದು ಕೂತಿತು. ಕೀ ಕೊಟ್ಟು ಅವಳ ಮುಂದೆ ಹಿಡಿದ.

ನೀಬಿಯಾ ಕಾಲು ಮುಟ್ಟಿದಳು. ಗೀರು ಮುಟ್ಟಿದಳು. ಕಿವಿಗೆ ಹಿಡಿದು ಅಂಗಾತ ಕೇಳಿದಳು, ಬೋರಲು ಕೇಳಿದಳು. ಆಮೇಲೆ ಮುಖ ನೋಡಿದಳು. ಬಿಳಿ. ಹೆಬೆರ್‌ನ ವಾಚಿನ ಮುಖ ಹಳೆ ದಿಂಬಿನ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು, ನಾಲ್ಕರ ಹತ್ತಿರ ಬೆವರು ಇಳಿದು ಕಂದು ಕಲೆಯಾಗಿತ್ತು.

‘ಇದರ ಕಲೆ ಎಲ್ಲಿ?’

ಡಾರ್ವಿನ್ ಕಣ್ಣಿನ ಗಾಜು ತೆಗೆದ. ‘ಹೊಸ ಬಣ್ಣ ಹಾಕಿಸ್ದೆ ದೊನ್ಯಾ. ಜನಕ್ಕೆ ಬೆಳ್ಳಗೇ ಇರ್ಬೇಕು. ತಗಡು ಅದೇ, ಮೇಲಿನ ಬಣ್ಣ ಮಾತ್ರ ಹೊಸ್ದು. ಅದನ್ನ ವಾಪಸ್ ತರೋಕೆ ನನ್ ಕೈಲಿ ಆಗಲ್ಲ.’

‘ಗೆರೆ ಕೂಡ ಸೊಟ್ಟ.’

‘ಹೌದು. ಸೊಟ್ಟ.’

ಬೇರೆ ಯಾರಾದರೂ ಈ ವಾಚನ್ನು ಅವಳ ಬಾಗಿಲಿಗೆ ತಂದಿದ್ದರೆ ಬೇಡ ಎನ್ನುತ್ತಿದ್ದಳು. ಪಾಲಿಶ್ ಅತಿಯಾಗಿದೆ, ಮುಖ ಬಳಿದದ್ದು, ತಿರುಪು ಬೇರೆಯದು, ಮುಚ್ಚಳಕ್ಕೆ ಗೀರು. ಬೇಡ.

‘ಎಷ್ಟು?’ ಎಂದಳು.

ಡಾರ್ವಿನ್ ಕೈಯಾಡಿಸಿ, ‘ತಗೊಂಡು ಹೋಗಿ ದೊನ್ಯಾ, ಹೋಗಿ’ ಎಂದ. ಕಳಿಸಿದರೆ ಸಾಕೆಂದೋ, ನಿಜವಾಗಿ ಹೇಳಿದನೋ ತಿಳಿಯಲಿಲ್ಲ. ಅವಳು ಸಾಲ ಇಟ್ಟುಕೊಳ್ಳುವವಳಲ್ಲ. ಎದಿಸನ್ ಕಡೆ ತಿರುಗಿ, ‘ಡಬ್ಬಿಗೆ ಇವನು ಕೊಟ್ಟಿದ್ದೆಲ್ಲ ವಾಪಸ್ ಕೊಡು’ ಎಂದಳು. ಎದಿಸನ್ ಜೇಬು ತಡಕಿ ಕೊಟ್ಟ. ಅದರಲ್ಲಿ ತೊರ್ತಾ ಫ್ರೀತಾದ ಬೆಲೆ ಕಡಿಮೆಯಾಗಿತ್ತು. ಡಾರ್ವಿನ್ ನೋಡದೆ ಡ್ರಾಯರಿಗೆ ಹಾಕಿದ.

ಅವಳು ಎದ್ದು ಛತ್ರಿ ಬಿಚ್ಚುವಾಗ ಯುವಕನ ಹುಡುಗಿ ಮೆಲ್ಲಗೆ ಕೇಳಿದಳು: ‘ಹಾಗಾದ್ರೆ ನಾವು ಯಾವ್ದು ತಗೋಬೇಕು?’

‘ಏನೂ ತಗೋಬೇಡ. ಈ ನಿನ್ನ ಹುಡುಗನ ಕೈ ಹಿಡ್ಕೊಂಡು ಮನೆಗೆ ಹೋಗು.’

ಬಸ್ ಸ್ಟಾಪಿನ ತನಕ ಎದಿಸನ್ ಒಂದು ಹೆಜ್ಜೆ ಹಿಂದೆಯೇ ನಡೆದ. ಅಳುತ್ತಿದ್ದನೋ ಮಳೆಯೋ ಗೊತ್ತಾಗುವಂತಿರಲಿಲ್ಲ. ಏನಾದರೂ ಮಾತಾಡಬೇಕೆಂದು ಕೊನೆಗೆ, ‘ಟೈಮ್ ಎಷ್ಟಾಯ್ತು ಅತ್ತಿಗೆ?’ ಎಂದ.

‘ಎದುರಿನ ಅಂಗಡಿ ಗೋಡೆ ಮೇಲಿನ ಗಡಿಯಾರ ನೋಡು. ಅಲ್ಲಿದೆ.’

ವಾಚು ಕೋಟಿನ ಜೇಬಿನಲ್ಲಿ ಅವಳ ಮುಷ್ಟಿಯೊಳಗಿತ್ತು. ಬಸ್ಸು ಬಂದಾಗ ಆ ಕೈ ಹೊರಗೆ ತೆಗೆಯಲು ಮನಸ್ಸಾಗಲಿಲ್ಲ. ಇನ್ನೊಂದು ಕೈಯಲ್ಲಿ ಛತ್ರಿ. ಮೆಟ್ಟಿಲ ಬಳಿ ಸುಮ್ಮನೆ ನಿಂತಳು.

‘ಹತ್ತಿಸೋ’ ಎಂದಳು ಎದಿಸನ್‌ಗೆ. ಅವನು ಮೊಣಕೈ ಹಿಡಿದು ಎತ್ತಿದ.